ಬೆಳವಗಳ ಬಾಯಲ್ಲಿ ಹಳದಿ ಗಡ್ಡೆ: ಇದು ಯಾವ ತಳಿಯ ಪರೋಪಜೀವಿ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು, ಕಾಫಿ ತೋಟದ ನಡುವೆ ಮನೆ. ಅಂಗಳದ ಕಟ್ಟೆಯ ಮೇಲೆ ಬಹಳ ವರ್ಷಗಳಿಂದ ಹಕ್ಕಿಗಳಿಗೆಂದು ಒಂದು ತಟ್ಟೆಯಲ್ಲಿ ಭತ್ತ ಮತ್ತು ನುಚ್ಚಕ್ಕಿ, ಇನ್ನೊಂದರಲ್ಲಿ ನೀರು ಇಡುತ್ತಾ ಬಂದಿದ್ದೇವೆ. ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚುಕ್ಕೆ ಬೆಳವಗಳು ಒಂದೊಂದಾಗಿ ಗರಿ ಉಬ್ಬಿಸಿಕೊಂಡು ತಟ್ಟೆಯ ಪಕ್ಕದಲ್ಲೇ ಕೂರತೊಡಗಿದವು. ಕಾಳನ್ನು ಕೊಕ್ಕಿನಲ್ಲಿ ಹಿಡಿದು ನುಂಗಲಾರದೆ ಉದುರಿಸುತ್ತವೆ. ಸತ್ತ ಒಂದರ ಬಾಯಿ ಬಿಡಿಸಿ ನೋಡಿದಾಗ ಒಳಗೆ ಹಳದಿ ಬಣ್ಣದ ಗಡ್ಡೆ ಇತ್ತು. ಯುರೋಪಿನಲ್ಲಿ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿಗಳನ್ನು ಲಕ್ಷಾಂತರ ಸಂಖ್ಯೆಯಲ್ಲಿ ಕೊಂದ ಪರೋಪಜೀವಿಯ ತಳಿಯೇ ಇದು ಎಂದು ಪರಿಚಯದವರೊಬ್ಬರು ಹೇಳಿದರು. ನಿಜವೇ? ಇಲ್ಲಿ ತಳಿ ಎಂದರೆ ಏನು? ಕಾಡಿನ ಪಾರಿವಾಳಗಳಿಗೆ, ನಮ್ಮ ನಾಟಿ ಕೋಳಿಗಳಿಗೆ, ಮನೆಯವರಿಗೆ ಇದು ಹರಡುತ್ತದೆಯೇ? ಕುಡಿಯುವ ನೀರಿಗೆ ಔಷಧಿ ಹಾಕಬಹುದೇ?

ಉತ್ತರ: ಗರಿ ಉಬ್ಬಿಸಿಕೊಂಡು ಕೂರುವುದು, ಕಾಳು ಹಿಡಿದೂ ನುಂಗಲಾಗದಿರುವುದು, ಬಾಯೊಳಗೆ ಹಳದಿ ಗಡ್ಡೆ, ಈ ಮೂರೂ ಬೆಳವಗಳಲ್ಲಿ ಒಟ್ಟಿಗೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಟ್ರೈಕೊಮೊನೋಸಿಸ್ ಎಂಬ ಪರೋಪಜೀವಿ ರೋಗವನ್ನು. ಪ್ರಯೋಗಾಲಯದ ಪರೀಕ್ಷೆ ಆಗುವವರೆಗೂ ಅದು ಅನುಮಾನವೇ ಆಗಿರುತ್ತದೆ. ಯುರೋಪಿನ ತಳಿಯೇ ಇದು ಎಂಬ ಮಾತಂತೂ ಹಕ್ಕಿಯನ್ನು ಕಣ್ಣಿನಿಂದ ನೋಡಿ ಯಾರೂ ಹೇಳಲಾಗದ ಮಾತು. ತಳಿಯ ಪ್ರಶ್ನೆ ಬಹಳ ಮುಖ್ಯವಾದದ್ದಾದ್ದರಿಂದ ಅದನ್ನು ವಿಸ್ತಾರವಾಗಿಯೇ ಬರೆಯುತ್ತೇನೆ. ಅದಕ್ಕೆ ಮೊದಲು ಒಂದು ಕೋರಿಕೆ: ಈ ಉತ್ತರವನ್ನು ಪೂರ್ತಿ ಓದುವ ಮುನ್ನವೇ ಎರಡೂ ತಟ್ಟೆಗಳನ್ನು ಅಂಗಳದಿಂದ ತೆಗೆಸಿಬಿಡಿ. ತಳಿ ಯಾವುದೇ ಆಗಿರಲಿ, ಅದು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟುತ್ತಿರುವ ಜಾಗ ಬಹುಮಟ್ಟಿಗೆ ಅದೇ.

ರೋಗಕ್ಕೆ ಕಾರಣವಾಗುವುದು ಟ್ರೈಕೊಮೊನಾಸ್ ಗ್ಯಾಲಿನೇ ಎಂಬ ಏಕಕೋಶ ಜೀವಿ. ಇಟಲಿಯ ವಿಜ್ಞಾನಿ ರಿವೋಲ್ಟಾ 1878ರಲ್ಲಿ ಇದನ್ನು ವಿವರಿಸಿದರು. ಉದ್ದ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ಮುಂಭಾಗದಲ್ಲಿ ಈಜಲು ನೆರವಾಗುವ, ಚಾಟಿಯಂಥ ನಾಲ್ಕು ಕಶಾಂಗಗಳು, ಮೈಯ ಪಕ್ಕಕ್ಕೆ ಅಂಟಿಕೊಂಡು ಅಲೆಯಾಡುವ ಒಂದು ಪೊರೆ ಇದಕ್ಕಿದ್ದು, ಆಗತಾನೇ ತೆಗೆದ ಎಂಜಲಿನ ಬೆಚ್ಚಗಿನ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಇದು ಉರುಳಾಡುತ್ತಾ ಚಲಿಸುವುದು ಚೆನ್ನಾಗಿ ಕಾಣುತ್ತದೆ. ಹಕ್ಕಿಯ ಬಾಯಿ, ಗಂಟಲು, ಅನ್ನನಾಳ ಮತ್ತು ನುಂಗಿದ ಕಾಳು ಮೊದಲು ಸೇರುವ ಕುತ್ತಿಗೆಯ ಬುಡದ ಮೇವುಚೀಲ ಇದರ ವಾಸಸ್ಥಾನ. ಸೀಳಿ ಎರಡಾಗುವ ಮೂಲಕ ಇದು ಹೆಚ್ಚುತ್ತದೆ. ಕರುಳಿನ ಇತರ ಹಲವು ಪರೋಪಜೀವಿಗಳಿಗೆ ಇರುವಂತೆ ಗಟ್ಟಿ ಕವಚದೊಳಗೆ ಮುದುಡಿಕೊಂಡು ತಿಂಗಳುಗಟ್ಟಲೆ ಮಣ್ಣಿನಲ್ಲಿ ಕಾದು ಕೂರುವ ಹಂತ ಇದಕ್ಕಿಲ್ಲ. ಒಣಗಿದರೆ ಸಾಯುತ್ತದೆ. ತಾವು ಅಂಗಳದಲ್ಲಿ ಮಾಡಬಹುದಾದ ಎಲ್ಲ ಕೆಲಸವೂ ಈ ಒಂದು ದೌರ್ಬಲ್ಯದ ಮೇಲೆಯೇ ನಿಂತಿದೆ.

ರೋಗ ಬಲಿತಾಗ ಗಂಟಲಿನ ಒಳಪೊರೆ ಕೊಳೆತು, ಸತ್ತ ಜೀವಕೋಶಗಳೂ ಕೀವೂ ಸೇರಿ ಹಳದಿ ಗಡ್ಡೆಯಾಗಿ ಗಟ್ಟಿಯಾಗುತ್ತವೆ. ಗಡ್ಡೆ ದೊಡ್ಡದಾದಂತೆ ಕಾಳು ಇಳಿಯುವುದಿಲ್ಲ, ಕೆಲವೊಮ್ಮೆ ಉಸಿರಿಗೂ ಅಡ್ಡಿಯಾಗುತ್ತದೆ. ಹೀಗಾಗಿ ಹಕ್ಕಿ ಕಾಳಿನ ತಟ್ಟೆಯ ಪಕ್ಕದಲ್ಲೇ ಇದ್ದು ಹಸಿವಿನಿಂದ ಬಡಕಲಾಗಿ ಸಾಯುತ್ತದೆ. ತಮ್ಮ ಬೆಳವಗಳು ತಟ್ಟೆಯ ಬಳಿಯಿಂದ ಕದಲದಿರುವುದು ಅವು ಪಳಗಿರುವುದರಿಂದ ಅಲ್ಲ, ಹಾರಿಹೋಗುವ ಶಕ್ತಿ ಉಡುಗಿರುವುದರಿಂದ. ಕೆಲವು ತಳಿಗಳು ಗಂಟಲಿಗೆ ನಿಲ್ಲದೆ ಯಕೃತ್ತಿಗೂ ಶ್ವಾಸಕೋಶಕ್ಕೂ ಇಳಿಯುತ್ತವೆ. ಅಂಥ ಹಕ್ಕಿಯ ಬಾಯಿ ಹೊರಗಿನಿಂದ ಶುಭ್ರವಾಗಿಯೇ ಕಾಣಬಹುದು.

ಇದನ್ನೇ ಹೋಲುವ ಬೇರೆ ಬೇನೆಗಳೂ ಇವೆ. ಹಕ್ಕಿ ಸಿಡುಬಿನ ಒಂದು ರೂಪ ಬಾಯಿಯೊಳಗೆ ಇಂಥದೇ ಪದರವನ್ನು ಕಟ್ಟುತ್ತದೆ, ಆದರೆ ಆಗ ಸಾಮಾನ್ಯವಾಗಿ ಕೊಕ್ಕಿನ ಬುಡ, ಕಣ್ಣಿನ ಸುತ್ತ, ಕಾಲು ಮುಂತಾದ ಗರಿಯಿಲ್ಲದ ಜಾಗಗಳಲ್ಲೂ ಗಂಟುಗಳು ಏಳುತ್ತವೆ. ಶಿಲೀಂಧ್ರದ ಸೋಂಕು, ಎ ಜೀವಸತ್ವದ ಕೊರತೆ, ಅನ್ನನಾಳದ ದಾರದಂಥ ಹುಳುಗಳು ಕೂಡ ಗಂಟಲನ್ನು ಕೆಡಿಸುತ್ತವೆ. ಕುತ್ತಿಗೆ ತಿರುಚಿಕೊಂಡು ಹಕ್ಕಿ ಸುತ್ತು ಹೊಡೆಯುತ್ತಿದ್ದರೆ ಕೋಳಿಗಳ ಕೊಕ್ಕರೆ ರೋಗದ (ರಾಣಿಖೇತ್) ಜಾತಿಯ ವೈರಸ್ಸನ್ನೂ, ಮೈ ಬಡಕಲಾಗದೆ ತುಂಬಿದ ಹೊಟ್ಟೆಯಲ್ಲೇ ಹಲವು ಹಕ್ಕಿಗಳು ಒಂದೇ ದಿನ ಬಿದ್ದಿದ್ದರೆ ಬಿತ್ತನೆ ಬೀಜಕ್ಕೆ ಸವರಿದ ಕೀಟನಾಶಕವನ್ನೂ ಮೊದಲು ಶಂಕಿಸಬೇಕು.

ಈಗ ಹರಡುವ ಬಗೆ. ಪಾರಿವಾಳ ಮತ್ತು ಬೆಳವಗಳಲ್ಲಿ ತಂದೆತಾಯಿ ಇಬ್ಬರೂ ಮೇವುಚೀಲದ ಒಳಪೊರೆಯಿಂದ ಒಸರುವ ಹಾಲಿನಂಥ ಆಹಾರವನ್ನು ಮರಿಯ ಬಾಯಿಗೆ ಕಕ್ಕಿ ಉಣಿಸುತ್ತವೆ. ಪರೋಪಜೀವಿಯೂ ಆ ಹಾಲಿನೊಂದಿಗೇ ಮರಿಗೆ ಇಳಿಯುತ್ತದೆ. ಆದ್ದರಿಂದಲೇ ಈ ಕುಲದ ಹಕ್ಕಿಗಳಲ್ಲಿ ಸೋಂಕು ತಲೆಮಾರಿನಿಂದ ತಲೆಮಾರಿಗೆ ಕಡಿಯದೆ ಸಾಗಿಬಂದಿದೆ, ಮತ್ತು ಬಹುಪಾಲು ವಯಸ್ಕ ಹಕ್ಕಿಗಳು ಅದನ್ನು ಹೊತ್ತೂ ಆರೋಗ್ಯವಾಗಿರುತ್ತವೆ. ಎರಡನೆಯ ದಾರಿ ಹಂಚಿಕೊಂಡ ನೀರು ಮತ್ತು ಕಾಳು. ನುಂಗಲಾರದ ಹಕ್ಕಿ ಉದುರಿಸುವ ಪ್ರತಿಯೊಂದು ಕಾಳಿಗೂ ಅದರ ಎಂಜಲು ಅಂಟಿರುತ್ತದೆ, ಮುಂದಿನ ಹಕ್ಕಿ ಹೆಕ್ಕುವುದು ಅದನ್ನೇ. ಶುದ್ಧ ನೀರಿನಲ್ಲಿ ಈ ಜೀವಿ ಬೇಗ ಸಾಯುತ್ತದೆ, ಹಿಕ್ಕೆ ಮತ್ತು ಹೊಟ್ಟು ಸೇರಿ ಕದಡಿದ ನೀರಿನಲ್ಲಿ ಹಲವು ಗಂಟೆ ಉಳಿಯುತ್ತದೆ, ಒದ್ದೆ ಕಾಳಿನಲ್ಲಿ ಐದು ದಿನದವರೆಗೂ ಜೀವಂತವಿದ್ದದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಯನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಬಯಲುಸೀಮೆಯ ಅಂಗಳದಲ್ಲಿ ಚೆಲ್ಲಿದ ಕಾಳು ಮಧ್ಯಾಹ್ನದೊಳಗೆ ಒಣಗಿ ಸೋಂಕು ತಾನಾಗಿ ನಾಶವಾಗುತ್ತದೆ, ನಮ್ಮಲ್ಲಿ ಮಳೆಗಾಲದ ಕಟ್ಟೆಯ ಮೇಲಿನ ನುಚ್ಚು ವಾರ ಕಳೆದರೂ ಒಣಗುವುದಿಲ್ಲ.

ಮೂರನೆಯ ದಾರಿ ಬೇಟೆ. ಸೋಂಕಿರುವ ಬೆಳವವನ್ನು ಹಿಡಿದು ತಿಂದ ಗಿಡುಗಕ್ಕೂ, ಅದು ತನ್ನ ಗೂಡಿಗೆ ಒಯ್ದು ಉಣಿಸುವ ಮರಿಗಳಿಗೂ ರೋಗ ದಾಟುತ್ತದೆ. ಸಾಕಿದ ಡೇಗೆಗಳ ಬಾಯಲ್ಲಿ ಆಗುವ ಈ ಹುಣ್ಣನ್ನು ಡೇಗೆಗಾರರು ಪರೋಪಜೀವಿಯ ಪರಿಚಯವಾಗುವುದಕ್ಕೆ ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು.

ಇನ್ನು ತಳಿಯ ವಿಷಯ. ಒಂದೇ ಪ್ರಭೇದದೊಳಗೆ ವಂಶವಾಹಿಯಲ್ಲೋ ಉಗ್ರತೆಯಲ್ಲೋ ಪರಸ್ಪರ ಬೇರೆಯಾಗಿರುವ ಕವಲುಗಳನ್ನು ತಳಿ ಎನ್ನುತ್ತಾರೆ. ಒಂದೇ ಟ್ರೈಕೊಮೊನಾಸ್ ಗ್ಯಾಲಿನೇ ಒಂದು ಪಾರಿವಾಳದಲ್ಲಿ ಜೀವನಪರ್ಯಂತ ಸದ್ದಿಲ್ಲದೆ ಇರುತ್ತದೆ, ಇನ್ನೊಂದನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಈ ವ್ಯತ್ಯಾಸವನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ರಾಬರ್ಟ್ ಸ್ಟೇಬ್ಲರ್ ಪ್ರಮುಖರು. ಬೇರೆ ಬೇರೆ ಹಕ್ಕಿಗಳಿಂದ ತೆಗೆದ ಪರೋಪಜೀವಿಗಳನ್ನು ಸೋಂಕಿಲ್ಲದ ಪಾರಿವಾಳಗಳಿಗೆ ಕೊಟ್ಟು ನೋಡಿ, ಕೆಲವು ತಳಿಗಳು ನಿರುಪದ್ರವಿಗಳು, ಕೆಲವು ಮಧ್ಯಮ, ಕೆಲವು ಮಾರಕ ಎಂದು ಅವರು ತೋರಿಸಿದರು. ಅವರ 1948ರ ಇನ್ನೊಂದು ಕಾಣಿಕೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ದೊಡ್ಡದು: ಸೌಮ್ಯ ತಳಿಯ ಸೋಂಕು ಮೊದಲೇ ತಗುಲಿದ್ದ ಪಾರಿವಾಳಗಳಿಗೆ ಮಾರಕ ತಳಿಯನ್ನು ಕೊಟ್ಟಾಗ ಅವು ಬದುಕುಳಿದವು. ಅಂದರೆ ಒಂದು ತಳಿ ಮೈಯಲ್ಲಿರುವುದು ಇನ್ನೊಂದರಿಂದ ರಕ್ಷಣೆ. ಔಷಧಿಯ ಪ್ರಶ್ನೆಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ. ಮುಂದಿನ ದಶಕಗಳ ಕೆಲಸದಲ್ಲಿ, ಮಾರಕ ತಳಿಯನ್ನು ದೀರ್ಘಕಾಲ ಪ್ರಯೋಗಾಲಯದ ದ್ರವದಲ್ಲಿ ಬೆಳೆಸಿದರೆ ಅದರ ಉಗ್ರತೆ ಕುಗ್ಗುತ್ತದೆ ಎಂಬುದೂ ತಿಳಿದುಬಂತು. ಉಗ್ರತೆ ತಳಿಗೆ ಶಾಶ್ವತವಾಗಿ ಅಂಟಿದ ಗುಣವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸ್ಟೇಬ್ಲರ್ ಕಾಲದಲ್ಲಿ ತಳಿಯನ್ನು ತಿಳಿಯಲು ಹಕ್ಕಿಯನ್ನು ಬಲಿಕೊಡದೆ ದಾರಿಯಿರಲಿಲ್ಲ. ಈಗ ಡಿಎನ್‌ಎ ಓದುತ್ತಾರೆ. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಸಂಬಂಧಿಸಿದ ವಂಶವಾಹಿಗಳ ನಡುವೆ ಐಟಿಎಸ್ ಎಂಬ ಒಂದು ತುಣುಕು ಇದೆ. ಅಲ್ಲಿನ ಅಕ್ಷರಗಳ ವ್ಯತ್ಯಾಸವನ್ನು ಹಿಡಿದು ಈ ಪರೋಪಜೀವಿಯನ್ನು ಎ, ಬಿ, ಸಿ ಮೊದಲಾದ ಗುಂಪುಗಳಾಗಿ ವಿಂಗಡಿಸಿದ್ದಾರೆ. ಜಗತ್ತಿನ ಹಲವೆಡೆ ಹೆಚ್ಚಾಗಿ ಸಿಗುವುದು ಎ ಮತ್ತು ಬಿ. ಸತ್ತ ಫಿಂಚ್‌ಗಳಲ್ಲೂ ರೋಗಪೀಡಿತ ಗಿಡುಗಗಳಲ್ಲೂ ಎ ಗುಂಪು ಪದೇಪದೇ ಸಿಕ್ಕಿದೆ, ಆರೋಗ್ಯವಂತ ಪಾರಿವಾಳಗಳಲ್ಲಿ ಬಿ ಹೆಚ್ಚಾಗಿ ಕಂಡಿದೆ. ಆದರೆ ಎ ಗುಂಪನ್ನು ಹೊತ್ತು ಆರೋಗ್ಯವಾಗಿರುವ ಪಾರಿವಾಳಗಳೂ ಇವೆ. ಕೊಡವ ಸಮಾಜದಲ್ಲಿ ಒಬ್ಬರ ಒಕ್ಕದ, ಅಂದರೆ ಮನೆತನದ, ಹೆಸರು ತಿಳಿದರೆ ಅವರು ಯಾರ ಸಂಬಂಧಿಕರು ಎಂಬುದು ತಿಳಿಯುತ್ತದೆ, ಆ ವ್ಯಕ್ತಿಯ ನಡತೆ ತಿಳಿಯುವುದಿಲ್ಲ. ಐಟಿಎಸ್ ಗುಂಪು ಹೇಳುವುದೂ ಅಷ್ಟನ್ನೇ. ಆ ತುಣುಕು ರೋಗವನ್ನು ಉಂಟುಮಾಡುವುದಿಲ್ಲ, ಯಾವುದು ಯಾವುದಕ್ಕೆ ಹತ್ತಿರ ಎಂಬುದನ್ನು ಮಾತ್ರ ತೋರಿಸುತ್ತದೆ.

ಹೀಗಾಗಿ ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸಲು ಎರಡನೆಯ ಗುರುತನ್ನು ನೋಡುತ್ತಾರೆ. ಈ ಜೀವಿಗೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಇಲ್ಲ, ಅದರ ಬದಲು ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುವ ಬೇರೊಂದು ಅಂಗಕವಿದೆ. ಅಲ್ಲಿ ಕೆಲಸ ಮಾಡುವ, ಕಬ್ಬಿಣದ ಅಂಶವುಳ್ಳ ಹೈಡ್ರೋಜನೇಸ್ ಕಿಣ್ವದ ವಂಶವಾಹಿಯನ್ನು ಓದಿದರೆ ಎ ಗುಂಪಿನೊಳಗೇ ಎ1, ಎ2 ಎಂಬ ಉಪಗುಂಪುಗಳು ಸಿಗುತ್ತವೆ.

ತಮ್ಮ ಪರಿಚಯದವರು ಹೇಳಿದ ಯುರೋಪಿನ ಕಥೆ ಬರುವುದು ಇಲ್ಲಿಯೇ, ಮತ್ತು ಅದು ನಿಜವಾಗಿಯೂ ದೊಡ್ಡ ದುರಂತದ ಕಥೆ. ಬ್ರಿಟನ್ನಿನಲ್ಲಿ ಈ ರೋಗ ಪಾರಿವಾಳಗಳಲ್ಲಿ ಮತ್ತು ಗಿಡುಗಗಳಲ್ಲಿ ಹಿಂದಿನಿಂದಲೂ ಪರಿಚಿತವಾಗಿತ್ತು. 2005ರಲ್ಲಿ ಅದನ್ನು ಅಲ್ಲಿನ ಫಿಂಚ್‌ಗಳಲ್ಲಿ ಗುರುತಿಸಲಾಯಿತು, 2006ರ ಬೇಸಿಗೆಯ ಕೊನೆಯ ಹೊತ್ತಿಗೆ ಸಾಂಕ್ರಾಮಿಕವಾಯಿತು. ರೋಗ ಹೆಚ್ಚು ಕಂಡ ಪ್ರದೇಶಗಳಲ್ಲಿ ಒಂದೇ ವರ್ಷದಲ್ಲಿ ಗ್ರೀನ್‌ಫಿಂಚ್‌ಗಳ ಸಂಖ್ಯೆ ಶೇಕಡ 35ರಷ್ಟು, ಚಾಫಿಂಚ್‌ಗಳದ್ದು ಶೇಕಡ 21ರಷ್ಟು ಕುಸಿಯಿತು. ಸುಮಾರು 43 ಲಕ್ಷವಿದ್ದ ಬ್ರಿಟನ್ನಿನ ಗ್ರೀನ್‌ಫಿಂಚ್‌ಗಳು 2009ರ ಹೊತ್ತಿಗೆ ಸುಮಾರು 28 ಲಕ್ಷಕ್ಕೆ ಇಳಿದವು. 2021ರಲ್ಲಿ ಆ ಹಕ್ಕಿಯನ್ನು ಅಲ್ಲಿನ ಕೆಂಪು ಪಟ್ಟಿಗೆ, ಅಂದರೆ ಅತಿ ಹೆಚ್ಚು ಕಳವಳ ಹುಟ್ಟಿಸುವ ಹಕ್ಕಿಗಳ ಪಟ್ಟಿಗೆ, ಸೇರಿಸಬೇಕಾಯಿತು. 2008ರಲ್ಲಿ ರೋಗ ಉತ್ತರ ಸಮುದ್ರವನ್ನು ದಾಟಿ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಕಾಣಿಸಿಕೊಂಡಿತು. ಎರಡೂ ಕಡೆಗಳ ನಡುವೆ ಋತುವಿಗೆ ತಕ್ಕಂತೆ ಓಡಾಡುವ ಚಾಫಿಂಚ್‌ಗಳೇ ಅದನ್ನು ಹೊತ್ತೊಯ್ದಿರಬೇಕೆಂಬುದು ಸಂಶೋಧಕರ ನಿರ್ಣಯ. ಬ್ರಿಟನ್ನಿನ ಸತ್ತ ಫಿಂಚ್‌ಗಳಿಂದ ತೆಗೆದ ಮಾದರಿಗಳ ವಂಶವಾಹಿಗಳನ್ನು ಹೋಲಿಸಿದಾಗ ಅವೆಲ್ಲ ಒಂದೇ ಅಚ್ಚಿನವು, ಎ1 ಉಪಗುಂಪಿನವು ಎಂದು ತಿಳಿದುಬಂತು.

ಈ ಕಥೆಯಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವೊಂದಿದೆ. ಅದೇ ಎ1 ಬ್ರಿಟನ್ನಿನ ಕಾಡುಪಾರಿವಾಳಗಳಲ್ಲೂ ಸಿಕ್ಕಿತು, ಆದರೆ ಆ ಪಾರಿವಾಳಗಳ ಸಂಖ್ಯೆ ಗ್ರೀನ್‌ಫಿಂಚ್‌ಗಳಂತೆ ಕುಸಿಯಲಿಲ್ಲ. ಪಾರಿವಾಳಗಳ ಜೊತೆ ಬಹುಕಾಲದಿಂದ ಬಾಳಿದ ಪರೋಪಜೀವಿಯೊಂದು, ಮನೆಯಂಗಳದ ಕಾಳಿನ ತಟ್ಟೆಗಳಲ್ಲಿ ಪಾರಿವಾಳವೂ ಫಿಂಚೂ ಒಟ್ಟಿಗೆ ಉಂಡಾಗ ಹೊಸ ಆತಿಥೇಯಕ್ಕೆ ದಾಟಿತು ಎಂಬುದೇ ಇದಕ್ಕೆ ಅತ್ಯಂತ ಒಪ್ಪುವ ವಿವರಣೆ. ಆದ್ದರಿಂದ ಮಾರಕ ತಳಿ ಎಂಬ ಮಾತನ್ನು ಆತಿಥೇಯ ಹಕ್ಕಿಯ ಹೆಸರಿಲ್ಲದೆ ಬಳಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಯಾವ ಹಕ್ಕಿಗೆ ಮಾರಕ ಎಂದು ಕೇಳಿದಾಗಲೇ ಆ ಮಾತಿಗೆ ಅರ್ಥ ಬರುತ್ತದೆ.

ಇನ್ನು ತಮ್ಮ ಅಂಗಳದ ಬೆಳವದಲ್ಲಿ ನಾಳೆ ಎ ಗುಂಪು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ಅದು ಯುರೋಪಿನಿಂದ ಬಂದಿತು ಎಂದಾಗುವುದಿಲ್ಲ, ಏಕೆಂದರೆ ಎ ಗುಂಪು ಒಂದಕ್ಕಿಂತ ಹೆಚ್ಚು ಖಂಡಗಳಲ್ಲಿ ಈಗಾಗಲೇ ದಾಖಲಾಗಿದೆ. ಅದೇ ತಳಿ ಎನ್ನಬೇಕಾದರೆ ಐಟಿಎಸ್ ಜೊತೆಗೆ ಹೈಡ್ರೋಜನೇಸ್ ವಂಶವಾಹಿಯೂ ಅಲ್ಲಿನ ಮಾದರಿಗಳದ್ದಕ್ಕೆ ತಾಳೆಯಾಗಬೇಕು, ಸಾಧ್ಯವಾದರೆ ಇನ್ನೂ ಹಲವು ವಂಶವಾಹಿಗಳನ್ನು ಓದಿ ಹೋಲಿಸಬೇಕು. ಚುಕ್ಕೆ ಬೆಳವ ನಮ್ಮ ನೆಲದ ಹಕ್ಕಿ, ದೇಶಾಂತರ ವಲಸೆ ಹೋಗುವುದಿಲ್ಲ. ಊರಿನಲ್ಲಿ ಹಿಂದಿನಿಂದ ಇದ್ದ ಸೋಂಕು ಒಂದು ಒದ್ದೆ ತಟ್ಟೆಯ ಸುತ್ತ ಕೆರಳಿತು ಎನ್ನುವುದಕ್ಕೆ ದೂರದ ತಳಿಯ ಆಗಮನದ ಅಗತ್ಯವೇ ಇಲ್ಲ.

ತಳಿಗಳ ಅಧ್ಯಯನ ಬರೀ ಹೆಸರಿಡುವ ಕೆಲಸವಲ್ಲ ಎನ್ನುವುದಕ್ಕೆ ಇನ್ನೆರಡು ಪ್ರಸಂಗಗಳನ್ನು ಹೇಳಬೇಕು. ಮಾರಿಷಸ್ ದ್ವೀಪದ ಗುಲಾಬಿ ಪಾರಿವಾಳಗಳು 1990ರ ಹೊತ್ತಿಗೆ ಕಾಡಿನಲ್ಲಿ ಹತ್ತರ ಆಸುಪಾಸಿಗೆ ಇಳಿದಿದ್ದವು. ಸಂರಕ್ಷಕರ ಶ್ರಮದಿಂದ ಅವು ಮತ್ತೆ ನೂರಾರಾಗಿವೆ, ಆದರೆ ಅವುಗಳ ಮರಿಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಒಂದು ಇದೇ ರೋಗ. ದ್ವೀಪಕ್ಕೆ ಹೊರಗಿನಿಂದ ಬಂದು ನೆಲೆಸಿದ ಬೆಳವಗಳು ಸೋಂಕಿನ ಆಗರವಾಗಿವೆ. ಅಂಥ ಪರದೇಶಿ ಬೆಳವಗಳಲ್ಲಿ ನಮ್ಮ ಚುಕ್ಕೆ ಬೆಳವವೂ ಸೇರಿದೆ. ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಪಟ್ಟೆಬಾಲದ ಪಾರಿವಾಳಗಳು ಚಳಿಗಾಲದಲ್ಲಿ ಗುಂಪುಗುಂಪಾಗಿ ಸಾಯುತ್ತಿದ್ದುದನ್ನು ಪರೀಕ್ಷಿಸುತ್ತಾ ಹೋದಾಗ, ಕೆಲವು ಹಕ್ಕಿಗಳಲ್ಲಿದ್ದುದು ಟ್ರೈಕೊಮೊನಾಸ್ ಗ್ಯಾಲಿನೇ ಆಗಿರದೆ ಅದರ ಹತ್ತಿರದ ಬೇರೆಯೇ ಪ್ರಭೇದ ಎಂದು ಡಿಎನ್‌ಎ ತೋರಿಸಿತು. 2014ರಲ್ಲಿ ಅದಕ್ಕೆ ಸ್ಟೇಬ್ಲರ್ ಅವರ ನೆನಪಿನಲ್ಲಿ ಟ್ರೈಕೊಮೊನಾಸ್ ಸ್ಟೇಬ್ಲರಿ ಎಂದು ಹೆಸರಿಟ್ಟರು. ಸೂಕ್ಷ್ಮದರ್ಶಕವೊಂದನ್ನೇ ನಂಬಿದ್ದರೆ ಎರಡೂ ಒಂದೇ ಎಂದುಕೊಂಡು ಸುಮ್ಮನಾಗುತ್ತಿದ್ದೆವು.

ಕೊಡಗಿನ ಕಾಡಿನ ಪಾರಿವಾಳಗಳ ಬಗ್ಗೆ ತಾವು ಕೇಳಿದ್ದೀರಿ, ನನಗೂ ಹೆಚ್ಚಿನ ಕಾಳಜಿ ಅವುಗಳ ಬಗ್ಗೆಯೇ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯ ಕಾಡುಗಳಲ್ಲಿರುವ ನೀಲಗಿರಿ ಕಾಡುಪಾರಿವಾಳ ಬಹುಮಟ್ಟಿಗೆ ಪಶ್ಚಿಮ ಘಟ್ಟಕ್ಕೇ ಸೀಮಿತವಾದದ್ದು, ಅದು ಅಪಾಯದಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಪುಣ್ಯಕ್ಕೆ ಅದು ಎತ್ತರದ ಮರಗಳ ಹಣ್ಣು ತಿಂದು ಬಾಳುವ ಹಕ್ಕಿ, ಅಂಗಳದ ನುಚ್ಚಿಗೆ ಇಳಿಯುವುದು ಅಪರೂಪ. ಅತ್ತಿ, ಬಸರಿ ಮರಗಳಿಗೆ ಹಿಂಡಾಗಿ ಬರುವ ಹಸಿರು ಪಾರಿವಾಳಗಳೂ ಹಾಗೆಯೇ. ಇವೆರಡಕ್ಕೂ ಬೆಳವಗಳಿಗೂ ನಡುವೆ ಕೊಂಡಿಯಾಗಬಲ್ಲದ್ದು ಹೆಚ್ಚಾಗಿ ನೀರು, ಅದರಲ್ಲೂ ಮಾರ್ಚ್ ಏಪ್ರಿಲ್‌ನಲ್ಲಿ ತೊರೆಗಳು ಬತ್ತಿ ಎಲ್ಲ ಹಕ್ಕಿಗಳೂ ಒಂದೇ ಹೊಂಡಕ್ಕೆ ಬರುವ ದಿನಗಳ ನೀರು. ಕಾಫಿ ಗಿಡಗಳ ಬುಡದಲ್ಲಿ ನೆಲದ ಮೇಲೆ ನಡೆದಾಡುವ ಪಚ್ಚೆ ಬೆಳವದ ವಿಷಯ ಬೇರೆ. ಅದು ಕಾಡಿನಲ್ಲೂ ತೋಟದಲ್ಲೂ ಇರುತ್ತದೆ, ಬಿದ್ದ ಕಾಳಿಗೆ ಬರುತ್ತದೆ. ಅಂಗಳದಿಂದ ಕಾಡಿಗೆ ಸೋಂಕು ಸಾಗುವುದಾದರೆ ಪಚ್ಚೆ ಬೆಳವದ ಮೂಲಕ ಸಾಗುವ ಸಂಭವವೇ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಆದ್ದರಿಂದ ತಮ್ಮ ಅಂಗಳಕ್ಕೆ ಅದು ಬರುತ್ತಿತ್ತೇ ಎಂಬುದನ್ನು ನೆನಪು ಮಾಡಿಕೊಂಡು ಬರೆದಿಡಿ.

ತೋಟಗಳಲ್ಲಿ ಬೆಳವಗಳನ್ನು ಹಿಡಿಯುವ ಬಿಜ್ಜು ಮತ್ತು ಜುಟ್ಟಿನ ಬಿಜ್ಜು ಎಂಬ ಗಿಡುಗಗಳಿಗೆ ಅಪಾಯ ಇನ್ನೂ ನೇರವಾದದ್ದು. ನಿತ್ರಾಣವಾದ ಹಕ್ಕಿ ಸುಲಭದ ಬೇಟೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ, ಊರೊಳಗಿನ ಬೆಳವಗಳನ್ನು ತಿಂದು ಬೆಳೆಯುವ ಕೂಪರ್ ಗಿಡುಗದ ಮರಿಗಳು ಈ ರೋಗದಿಂದ ಗೂಡಿನಲ್ಲೇ ಸಾಯುವುದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅದೇ ಬೆಳವಗಳನ್ನು ತಿನ್ನುವ ವಯಸ್ಕ ಗಿಡುಗಗಳಲ್ಲಿ ಸೋಂಕು ಕಡಿಮೆ. ಮರಿಗಳ ಬಾಯಿಯ ತೇವಕ್ಕಿಂತ ವಯಸ್ಕ ಗಿಡುಗಗಳದ್ದು ಹೆಚ್ಚು ಆಮ್ಲೀಯವಾಗಿದ್ದು, ಪರೋಪಜೀವಿಗೆ ಅದು ಒಗ್ಗದಿರುವುದು ಇದಕ್ಕೆ ಒಂದು ಕಾರಣವೆಂದು ಕಂಡುಕೊಂಡಿದ್ದಾರೆ.

ನಾಟಿ ಕೋಳಿಗಳಿಗೆ ಸೋಂಕು ತಗುಲುವ ಸಾಧ್ಯತೆ ಇದೆ, ಆದರೆ ಅವು ಪಾರಿವಾಳಗಳಷ್ಟು ನರಳುವುದು ಕಡಿಮೆ. ಅವುಗಳ ನೀರಿನ ಪಾತ್ರೆಯನ್ನು ಬೆಳವಗಳು ಮುಟ್ಟದಂತೆ ಮಾಡಿನ ಕೆಳಗೆ ಇಡಿ, ರೋಗ ಕಂಡ ಜಾಗದ ಚೆಲ್ಲಿದ ಕಾಳನ್ನು ಅವು ಕೆದಕಲು ಬಿಡಬೇಡಿ. ಮನೆಯವರ ವಿಷಯದಲ್ಲಿ ಗಾಬರಿಗೆ ಕಾರಣವಿಲ್ಲ: ಟ್ರೈಕೊಮೊನಾಸ್ ಗ್ಯಾಲಿನೇ ಮನುಷ್ಯರಿಗೆ ರೋಗ ತರುವುದಿಲ್ಲ, ಮನುಷ್ಯರಲ್ಲಿ ಕಾಣುವ ಟ್ರೈಕೊಮೊನಾಸ್ ಬೇರೆ ಪ್ರಭೇದ. ಹಾಗಿದ್ದರೂ ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬಾರದು, ಏಕೆಂದರೆ ಸಾವಿನ ಕಾರಣ ಇದೇ ಎಂದು ಇನ್ನೂ ಖಚಿತವಾಗಿಲ್ಲ. ಸಾಲ್ಮೊನೆಲ್ಲಾದಿಂದ ಹಿಡಿದು ಹಕ್ಕಿಜ್ವರದವರೆಗೆ ಮನುಷ್ಯರಿಗೂ ದಾಟಬಲ್ಲ ಬೇರೆ ಸೋಂಕುಗಳು ಅದೇ ಹಕ್ಕಿಯಲ್ಲಿರಬಹುದು. ಬೆಳವಗಳ ಜೊತೆಗೆ ಕಾಗೆ, ಬಾತು, ಕೋಳಿಗಳೂ ಸಾಯತೊಡಗಿದರೆ ತಡಮಾಡದೆ ಪಶುಪಾಲನಾ ಇಲಾಖೆಗೆ ತಿಳಿಸಿ. 2021ರ ಜನವರಿಯಲ್ಲಿ ಕೇರಳದ ಆಲಪ್ಪುಳ ಮತ್ತು ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂದಿತ್ತು, ಗಡಿಯಂಚಿನ ಜಿಲ್ಲೆಯವರಾದ ನಾವು ಅದನ್ನು ಮರೆಯುವಂತಿಲ್ಲ.

ನೀರಿಗೆ ಔಷಧಿ ಹಾಕಬಹುದೇ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟ: ದಯವಿಟ್ಟು ಹಾಕಬೇಡಿ. ಮೆಟ್ರೊನಿಡಜೋಲ್ ಮತ್ತು ಅದೇ ಗುಂಪಿನ ಔಷಧಿಗಳು ಈ ಪರೋಪಜೀವಿಯನ್ನು ಕೊಲ್ಲುತ್ತವೆ ಎಂಬುದು ನಿಜ. ಸಾಕುಪಾರಿವಾಳಗಳಿಗೂ ಚಿಕಿತ್ಸಾಲಯದಲ್ಲಿರುವ ಗಿಡುಗಗಳಿಗೂ ಪಶುವೈದ್ಯರು ಅವನ್ನು ತೂಕ ನೋಡಿ ಕೊಡುತ್ತಾರೆ. ಬಯಲಿನ ತಟ್ಟೆಯಲ್ಲಿ ಯಾವ ಹಕ್ಕಿ ಎಷ್ಟು ಕುಡಿಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಹೆಚ್ಚು ಬೇಕಾದ ರೋಗಿ ಹಕ್ಕಿ ನುಂಗಲಾರದೆ ಕಡಿಮೆ ಕುಡಿಯುತ್ತದೆ, ಬೇಡದ ಹಕ್ಕಿ ಹೆಚ್ಚು ಕುಡಿಯುತ್ತದೆ. ಅರೆಬರೆ ಪ್ರಮಾಣದ ಔಷಧಿ ಸಿಕ್ಕ ಪರೋಪಜೀವಿಗಳಲ್ಲಿ ಔಷಧಿಗೆ ಜಗ್ಗದವು ಮಾತ್ರ ಉಳಿದು ಹೆಚ್ಚುತ್ತವೆ. ಇಂಥ ನಿರೋಧಕ ತಳಿಗಳು ಪಾರಿವಾಳಗಳಲ್ಲಿ ಈಗಾಗಲೇ ವರದಿಯಾಗಿವೆ. ಇದಕ್ಕಿಂತ ಗಂಭೀರವಾದದ್ದು ಸ್ಟೇಬ್ಲರ್ ತೋರಿಸಿದ ಸಂಗತಿ. ಸೌಮ್ಯ ತಳಿಯನ್ನು ಹೊತ್ತು ಆರೋಗ್ಯವಾಗಿರುವ ಬೆಳವಗಳಿಂದ ಅದನ್ನು ತೊಳೆದುಹಾಕಿದರೆ, ಉಗ್ರ ತಳಿಯೊಂದು ಬಂದಾಗ ಅವುಗಳಿಗೆ ಇದ್ದ ರಕ್ಷಣೆಯನ್ನೇ ನಾವು ಕಿತ್ತುಕೊಂಡಂತಾದೀತು. ಅಂಗಳದ ಕೋಳಿಗಳೂ ಆ ನೀರನ್ನೇ ಕುಡಿಯುತ್ತವೆ ಎಂಬುದು ಇನ್ನೊಂದು ತೊಡಕು. ಮೊಟ್ಟೆ, ಮಾಂಸಕ್ಕಾಗಿ ಸಾಕುವ ಹಕ್ಕಿಗಳಿಗೆ ಈ ಗುಂಪಿನ ಔಷಧಿ ಕೊಡುವುದನ್ನು ಹಲವು ದೇಶಗಳು ನಿಷೇಧಿಸಿವೆ. ಹಾಗೆಯೇ ರೋಗಿ ಬೆಳವವನ್ನು ಹಿಡಿದು ಮನೆಯಲ್ಲಿಟ್ಟುಕೊಂಡು ಉಪಚರಿಸುವುದಕ್ಕೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮಾಡಬೇಕಾದದ್ದು ಸರಳ, ಆದರೆ ಪೂರ್ತಿಯಾಗಿ ಮಾಡಬೇಕು. ತಟ್ಟೆಗಳನ್ನು ಕನಿಷ್ಠ ಎರಡು ವಾರ, ಆ ಬಳಿಕವೂ ರೋಗಿ ಹಕ್ಕಿ ಕಂಡರೆ ಇನ್ನೂ ಹೆಚ್ಚು ಕಾಲ, ಇಡಬೇಡಿ. ತಿನ್ನಿಸುವುದು ನಿಂತರೆ ಹಕ್ಕಿಗಳು ಸಾಯುತ್ತವೆ ಎಂದು ಮರುಗಬೇಕಿಲ್ಲ: ಮಳೆ ಮುಗಿದು ಹುತ್ತರಿಯ ಕಡೆಗೆ ಹೋಗುವ ಈ ಕಾಲದಲ್ಲಿ ಗದ್ದೆಯಲ್ಲೂ ತೋಟದಲ್ಲೂ ಬೆಳವಗಳಿಗೆ ಸಾಕಷ್ಟು ಮೇವಿದೆ, ಅವು ಚದುರಿಹೋಗುವುದೇ ಅವುಗಳಿಗೆ ಹಿತ. ಚೆಲ್ಲಿದ ಕಾಳನ್ನು ಗುಡಿಸಿ ಸುಡಿ ಅಥವಾ ಆಳವಾಗಿ ಹೂಳಿ. ತಟ್ಟೆ ಮತ್ತು ಕಟ್ಟೆಯನ್ನು ಮೊದಲು ಸೋಪು ನೀರಿನಿಂದ ತಿಕ್ಕಿ ತೊಳೆದು, ಅನಂತರ ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ, ಮತ್ತೆ ಬರೀ ನೀರಿನಲ್ಲಿ ತೊಳೆದು ಒಣಗಿಸಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಮುಗಿದುಹೋಗುತ್ತದೆ. ಒಣಗಿಸುವ ಹಂತವನ್ನು ಬಿಡಲೇಬೇಡಿ, ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಾದರೂ ಇಡಿ. ಮುಂದೆ ಮಳೆಗಾಲದಲ್ಲಿ ಕಾಳು ಇಡುವುದನ್ನೇ ಕೈಬಿಡಿ ಎಂಬುದು ನನ್ನ ಸಲಹೆ. ಬೇಸಿಗೆಯಲ್ಲಿ ನೀರು ಇಡುವುದಾದರೆ ಎರಡು ತಟ್ಟೆಗಳನ್ನು ಇಟ್ಟುಕೊಂಡು, ಒಂದು ಅಂಗಳದಲ್ಲಿರುವ ದಿನ ಇನ್ನೊಂದು ತೊಳೆದು ಬಿಸಿಲಿನಲ್ಲಿರುವಂತೆ ನೋಡಿಕೊಳ್ಳಿ.

ಕೊನೆಯದಾಗಿ ಪರೀಕ್ಷೆ. ಈ ಜೀವಿಯನ್ನು ಚಲಿಸುತ್ತಿರುವಾಗಲೇ ನೋಡಬೇಕಾದರೆ ಮಾದರಿ ಬಿಸಿ ಆರಿರಬಾರದು, ಹಕ್ಕಿಯ ದೇಹ ತಣ್ಣಗಾದ ಮೇಲೆ ಅದು ಬೇಗ ಸಾಯುತ್ತದೆ. ಆದ್ದರಿಂದ ರೋಗಿ ಹಕ್ಕಿ ಕಂಡ ಕೂಡಲೇ ಹತ್ತಿರದ ಪಶುವೈದ್ಯರಿಗೂ ಅರಣ್ಯ ಇಲಾಖೆಯವರಿಗೂ ಫೋನ್ ಮಾಡಿ, ಅವರೇ ಬಂದು ಗಂಟಲಿನ ಮಾದರಿಯನ್ನು ಹತ್ತಿಯ ಕಡ್ಡಿಯಲ್ಲಿ ತೆಗೆಯುವಂತಾದರೆ ಉತ್ತಮ. ಆಗತಾನೇ ಸತ್ತ ಹಕ್ಕಿಯಾದರೆ ಕೈಗವಸು ಹಾಕಿಕೊಂಡು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಹಾರ ಇಡದ ತಣ್ಣನೆಯ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಿಸಿ. ತಳಿ ಪರೀಕ್ಷೆಗೆ ಜೀವಂತ ಪರೋಪಜೀವಿ ಬೇಕಿಲ್ಲ. ಮದ್ಯಸಾರದಲ್ಲಿಟ್ಟ ಕಡ್ಡಿಯಿಂದಲೂ ಪಿಸಿಆರ್ ವಿಧಾನದಲ್ಲಿ ಡಿಎನ್‌ಎ ಹೆಚ್ಚಿಸಿ ಓದಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ರಾಜ್ಯದ ಮುಖ್ಯ ರೋಗಪತ್ತೆ ಕೇಂದ್ರವಾಗಿದ್ದು, ಅಲ್ಲಿಗೆ ಮಾದರಿಯನ್ನು ತಮ್ಮ ಪಶುವೈದ್ಯರ ಮೂಲಕವೇ ಕಳುಹಿಸಬೇಕು. ಮಾದರಿಯ ಜೊತೆಗೆ ಒಂದು ಹಾಳೆಯಲ್ಲಿ ದಿನಾಂಕ, ಊರು, ಹಕ್ಕಿಯ ಜಾತಿ, ಮರಿಯೋ ವಯಸ್ಕವೋ, ಎಷ್ಟು ಹಕ್ಕಿಗಳು ಕಾಯಿಲೆ ಬಿದ್ದವು, ಎಷ್ಟು ಸತ್ತವು, ಗಡ್ಡೆ ಬಾಯಿಯಲ್ಲಿತ್ತೋ ಕೆಳಗಿತ್ತೋ, ತೋಟದಲ್ಲಿ ಇತ್ತೀಚೆಗೆ ಯಾವ ಕೀಟನಾಶಕ ಹೊಡೆದಿದ್ದೀರಿ, ಆರೋಗ್ಯವಾಗಿರುವ ಬೇರೆ ಯಾವ ಹಕ್ಕಿಗಳು ಅದೇ ತಟ್ಟೆಗೆ ಬರುತ್ತಿದ್ದವು ಎಂಬುದನ್ನು ಬರೆದು ಲಗತ್ತಿಸಿ. ಈ ವಿವರಗಳಿಲ್ಲದೆ ಎ ಎಂದೋ ಬಿ ಎಂದೋ ಬರುವ ವರದಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಳಿಯ ಡಿಎನ್‌ಎ ಓದಿಸಲು ಸಾಧ್ಯವಾದರೆ, ಆ ಅಕ್ಷರಮಾಲೆಯನ್ನು ಈ ವಿವರಗಳ ಸಮೇತ ಸಾರ್ವಜನಿಕ ವಂಶವಾಹಿ ಸಂಗ್ರಹಕ್ಕೆ ಸೇರಿಸುವಂತೆ ಪರೀಕ್ಷಿಸಿದವರನ್ನು ಕೇಳಿಕೊಳ್ಳಿ. ತಮ್ಮ ಪರಿಚಯದವರ ಮಾತನ್ನು ಬ್ರಿಟನ್ನಿನ ಮಾದರಿಗಳ ಜೊತೆ ಹೋಲಿಸಿ ನೋಡಲು ಆಗ ಯಾರಿಗಾದರೂ ಸಾಧ್ಯವಾಗುತ್ತದೆ.